ಸೋಮವಾರದ ಮುಂಜಾನೆಯ ಗುಳಿಗೆ

ಎಂಟು ಹೆಂಗಸರನ್ನು ಎಬ್ಬಿಸುವುದರಿಂದ ನನ್ನ ದಿನ ಶುರುವಾಗುತ್ತಿತ್ತು. ಎಂಟರಲ್ಲಿ ನಾನು ಎಬ್ಬಿಸುವ ಮೊದಲೇ ಎದ್ದು ಕುಳಿತಿರುತ್ತಿದ್ದವಳು ಗಲಗಲಿಯಾಕಿ ಒಬ್ಬಳೇ. ಹೆಸರು ಬೇರೆ ಇತ್ತು, ಆದರೆ ನಮ್ಮಲ್ಲಿ ಎಲ್ಲರನ್ನೂ ಊರ ಮೇಲೇ ಕರೆಯುವ ರೂಢಿ. ಹುನ್ನೂರಾಕಿ, ಅನಗವಾಡಿಯಾಕಿ, ಗಲಗಲಿಯಾಕಿ. ನನ್ನನ್ನು ಮಾತ್ರ ಎಲ್ಲರೂ ಅಕ್ಕ ಅನ್ನುತ್ತಿದ್ದರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರೂ ಕೂಡ.

ಬನಹಟ್ಟಿಯ ಅಂಚಿನಲ್ಲಿ, ಹಿಂದೆ ನೇಕಾರರೊಬ್ಬರದಾಗಿದ್ದ ಮನೆಯಲ್ಲಿ ನಮ್ಮ ವಸತಿಗೃಹ ಇತ್ತು. ಬುದ್ಧಿ ಬೆಳೆಯದ ಹೆಂಗಸರನ್ನು ಮನೆಯಂತೆ ಇಟ್ಟುಕೊಂಡು ನೋಡಿಕೊಳ್ಳುವ ಜಾಗ. ಪಡಸಾಲೆಯಲ್ಲಿದ್ದ ಮಗ್ಗದ ಕುಣಿಗಳಿಗೆ ಹಲಗೆ ಬಡಿದು, ಅದರ ಮೇಲೆ ಚಾಪೆ ಹಾಸಿ ಎಂಟು ಹಾಸಿಗೆ ಮಾಡಿದ್ದರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಓಣಿಯ ತುಂಬ ಪವರ್‌ಲೂಮಿನ ಸದ್ದು. ನಾನು ಅಲ್ಲೇ ಮೂರು ಮನೆ ಆಚೆ ಕಂಡಿಕೆಗೆ ನೂಲು ಸುತ್ತುತ್ತ ಬೆಳೆದವಳು. ಆ ಸದ್ದು ನಿಂತರೇ ನನಗೆ ನಿದ್ದೆ ಬರುತ್ತಿರಲಿಲ್ಲ.

ಗಲಗಲಿಯಾಕಿಯನ್ನು ಅವಳ ಅಣ್ಣ ಕರೆತಂದಾಗ ಅವಳಿಗೆ ಮೂವತ್ತರ ಆಸುಪಾಸು. ಮೂವತ್ತೆಂಟು ಕಿಲೋ ತೂಕ, ಮೂರು ಮಾತು. ‘ಅಕ್ಕ’, ‘ನೀರ’, ‘ಬ್ಯಾಡ’. ಎಡಗಾಲಿನ ಗಿಣ್ಣಿನ ಮೇಲೆ ಬಳೆ ಹಾಕಿದ ಹಾಗೆ ಸುತ್ತ ಕಪ್ಪು ಗುರುತು. ನಾನು ಅದನ್ನೇ ನೋಡುವುದನ್ನು ಕಂಡು ಅಣ್ಣ ತಾನಾಗಿಯೇ ಹೇಳಿದ.

“ಹಳೀ ಸೀರೀಲೆ ಕಟ್ಟತಿದ್ವಿರಿ. ಹೊಳಿ ಅಗದೀ ಹಿತ್ತಲಕ್ಕ ಐತಿ. ನಾವು ಗಂಡಾ ಹೆಂಡ್ತಿ ಹೊಲಕ್ಕ ಹೋದ್ರ ಈಕಿ ಸೀದಾ ನೀರಿಗೆ ನಡೀತಾಳ. ಎರಡ ಸಲ ಅಂಬಿಗರು ಹಿಡಕೊಂಡ ಬಂದ ಕೊಟ್ಟಾರ. ಏನ್ ಮಾಡೂಣ್ರಿ, ನೀವಽ ಹೇಳ್ರಿ.”

ನಾನು ಹೇಳುವುದೇನು ಮಣ್ಣು! ಆ ದಿನ ಅವನ ಮೇಲೆ ನನಗೆ ಬಹಳ ಸಿಟ್ಟು ಬಂದಿತ್ತು. ತಂಗಿಯನ್ನು ದನ ಕಟ್ಟಿದಂತೆ ಕಟ್ಟುತ್ತಾರೇನು ಎಂದು ಅವನು ಹೋದ ಮೇಲೆ ಅಡುಗೆಮನೆಯಲ್ಲಿ ಕೂಗಾಡಿದೆ. ಸಿಟ್ಟು ಮಾಡಿಕೊಳ್ಳುವುದು ಸುಲಭ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮಲ್ಲಿ ಇರಬೇಕಾದರೆ ಎರಡು ಕಟ್ಟಳೆ ಇದ್ದವು. ತನ್ನ ಕಾಲ ಮೇಲೆ ನಡೆದು ಅಂಗಳದಾಚೆಯ ಪಾಯಖಾನೆಗೆ ಹೋಗಬೇಕು; ತನ್ನ ಕೈಯಿಂದ ಉಣ್ಣಬೇಕು. ಬಂದ ಆರು ತಿಂಗಳೊಳಗೆ ಇವೆರಡೂ ಬರದಿದ್ದರೆ, ಅಥವಾ ಬಂದದ್ದು ಮುಂದೆ ಹೋದರೆ, ಮನೆಯವರು ವಾಪಸು ಒಯ್ಯಬೇಕು. ಎಂಟು ಜನಕ್ಕೆ ನಾನೊಬ್ಬಳು. ಒಬ್ಬಳನ್ನು ಎತ್ತಿ ಒಯ್ಯುವಷ್ಟರಲ್ಲಿ ಉಳಿದ ಏಳು ಜನ ಬೀದಿಗೆ ಹೋಗಿರುತ್ತಾರೆ. ಕಟ್ಟಳೆ ಕ್ರೂರ ಅನ್ನಿಸಿದರೂ ಲೆಕ್ಕ ಸರಿ ಇತ್ತು.

ನಡೆಯಲು ಗಲಗಲಿಯಾಕಿಗೆ ಯಾರೂ ಕಲಿಸಬೇಕಿರಲಿಲ್ಲ. ಕಟ್ಟು ಬಿಚ್ಚಿದ್ದೇ ಸಾಕು, ಗಾಣದೆತ್ತಿನ ಹಾಗೆ ಅಂಗಳ ಸುತ್ತಿದಳು. ಉಣ್ಣುವುದೇ ತೊಡಕು. ಮೂವತ್ತು ವರ್ಷ ಯಾರೋ ಬಾಯಿಗೆ ತುರುಕಿದ್ದನ್ನು ನುಂಗಿ ಬದುಕಿದವಳು. ಕೈ ಎಂಬುದು ಉಣ್ಣಲಿಕ್ಕೆ ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ನಾನು ಕಲಿಸಿದ್ದು ಹೀಗೆ. ಅವಳ ಹಿಂದೆ ಕುಳಿತು, ನನ್ನ ಕೈಯೊಳಗೆ ಅವಳ ಕೈ ಹಿಡಿದು ರೊಟ್ಟಿ ಮುರಿಯುವುದು, ಬೇಳೆಯಲ್ಲಿ ಅದ್ದುವುದು, ಎತ್ತುವುದು. ಬಾಯಿಗೆ ಎರಡು ಬೆರಳು ದೂರ ಇದ್ದಾಗ ಕೈ ಬಿಟ್ಟುಬಿಡುವುದು. ಕೊನೆಯ ಎರಡು ಬೆರಳಿನ ದೂರವನ್ನು ಅವಳೇ ದಾಟಬೇಕು. ಅದು ಬಂದ ಮೇಲೆ ನಾಲ್ಕು ಬೆರಳು, ಆಮೇಲೆ ಗೇಣು. ತಿಂಗಳು ಕಳೆಯಿತು. ಆಮೇಲೆ ಹಿಂದಿನಿಂದ ಎದ್ದು ಎದುರಿಗೆ ಬಂದು ಕುಳಿತೆ. ನನ್ನದೊಂದು ತಾಟು, ಅವಳದೊಂದು ತಾಟು. ನಾನು ಒಂದು ತುತ್ತು ತಿನ್ನುವುದು, ಅವಳು ನೋಡುವುದು, ಆಮೇಲೆ ತಾನು ತಿನ್ನುವುದು. ಐದನೆಯ ತಿಂಗಳಲ್ಲಿ ಒಂದು ದಿನ ಒಂದು ರೊಟ್ಟಿ ಪೂರ್ತಿ ತಿಂದಳು. ಬೇಳೆ ಗದ್ದದ ಮೇಲೆಲ್ಲ ಇಳಿದಿತ್ತು. ನಾನು ಅಡುಗೆಯ ಆಯಿಯನ್ನು ಕೂಗಿ ಕರೆದು ತೋರಿಸಿ ಅತ್ತೆ.

ಆದರೆ ಒಂದು ಮಾತು. ನಾನು ಎದುರಿಗೆ ಕುಳಿತು ತಿಂದರೆ ಮಾತ್ರ ಅವಳು ತಿನ್ನುವುದು. ನಾನು ಏಳುವಷ್ಟರಲ್ಲಿ ಅವಳ ಕೈಯೂ ನಿಲ್ಲುತ್ತಿತ್ತು. ಇನ್ನೊಂದು ಹೆಜ್ಜೆ ಉಳಿದಿತ್ತು, ನಾನಿಲ್ಲದೆ ಉಣ್ಣುವ ಹೆಜ್ಜೆ. ಅದನ್ನು ನಾನು ಕಲಿಸಲಿಲ್ಲ. ಬೇಕಂತಲೇ ಕಲಿಸಲಿಲ್ಲ ಎಂದು ಈಗ ಅನ್ನಿಸುತ್ತದೆ. ‘ನಾ ಇಲ್ಲದ ಒಂದ ತುತ್ತ ಇಳಿಯೂದಿಲ್ಲ ಆಕಿಗಿ’ ಎಂದು ಓಣಿಯಲ್ಲಿ ಹೇಳಿಕೊಂಡು ತಿರುಗುವುದರಲ್ಲಿ ನನಗೆ ಸುಖವಿತ್ತು.

ಇನ್ನೊಂದು ತೊಡಕು ಅವಳ ಫಿಟ್ಸು. ಜಮಖಂಡಿಯ ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ಬರೆದಿದ್ದರು. “ಊಟ ಆದ ಮ್ಯಾಲ ಕೊಡ್ರಿ, ಬರೇ ಹೊಟ್ಟೀಲೆ ಬ್ಯಾಡ, ಹೊಟ್ಟಿ ಕೆಡಸ್ತೈತಿ” ಎಂದಿದ್ದರು. ಆ ಮಾತನ್ನು ನಾನು ಗುಳಿಗೆ ವಹಿಯ ಮೊದಲ ಹಾಳೆಯಲ್ಲೇ ದಪ್ಪಗೆ ಬರೆದು ಗೆರೆ ಎಳೆದಿದ್ದೆ. ಆ ವಹಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು, ದಿನಕ್ಕೆ ಎರಡು ಮನೆ, ಕೊಟ್ಟ ಮೇಲೆ ಒಂದು ಗುರುತು, ಕೊನೆಗೆ ನನ್ನ ಸಹಿ. ಒಂದು ವರ್ಷದ ವಹಿಯಲ್ಲಿ ಒಂದು ಮನೆಯೂ ಖಾಲಿ ಇರಲಿಲ್ಲ. ಗುಳಿಗೆ ಶುರುವಾದ ಮೇಲೆ ಫಿಟ್ಸು ವರ್ಷಕ್ಕೆ ಒಂದೆರಡಕ್ಕೆ ಇಳಿದಿತ್ತು.

ಹೀಗಿರುವಾಗ ಶ್ರಾವಣ ಬಂತು.

ನಮ್ಮ ಮನೆಯಲ್ಲಿ ಶ್ರಾವಣ ಸೋಮವಾರ ಒಪ್ಪತ್ತು ಹಿಡಿಯುವುದು ರೂಢಿ. ಬೆಳಿಗ್ಗೆ ತಲೆ ಮೇಲೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ದಿನವಿಡೀ ಚಹಾದ ಮೇಲೆ ಇದ್ದು, ಹೊತ್ತು ಮುಳುಗಿ ಗುಡಿಗೆ ಹೋಗಿ ಬಂದ ಮೇಲೆ ಒಂದೇ ಊಟ. ಹನ್ನೆರಡನೆಯ ವಯಸ್ಸಿಗೆ ಹಿಡಿದದ್ದು, ಒಂದು ಸೋಮವಾರವೂ ತಪ್ಪಿಸಿರಲಿಲ್ಲ. ಹಿಂದಿನ ವರ್ಷದ ಶ್ರಾವಣದಲ್ಲಿ ತೊಂದರೆ ಆಗಿರಲಿಲ್ಲ, ಏಕೆಂದರೆ ಆಗ ನಾನಿನ್ನೂ ಅವಳ ಹಿಂದೆ ಕುಳಿತು ಕೈ ಹಿಡಿದು ಉಣ್ಣಿಸುತ್ತಿದ್ದೆ. ಈ ವರ್ಷ ಎದುರಿಗೆ ಕುಳಿತಿದ್ದೆ, ನನ್ನ ಮುಂದೆ ತಾಟು ಇರಲಿಲ್ಲ.

ಮೊದಲ ಸೋಮವಾರ ಬೆಳಿಗ್ಗೆ ಅವಳು ತನ್ನ ತಾಟು ನೋಡಿದಳು, ನನ್ನ ಖಾಲಿ ಮಡಿಲು ನೋಡಿದಳು, ತಾಟನ್ನು ಎರಡೂ ಕೈಯಿಂದ ಮೆಲ್ಲಗೆ ಆಚೆ ಸರಿಸಿದಳು.

“ಬ್ಯಾಡ,” ಅಂದಳು.

“ತಿನ್ನವಾ, ನನ್ನದು ಒಪ್ಪತ್ತೈತಿ, ನಿನ್ನದಲ್ಲ.”

“ಬ್ಯಾಡ.”

ಅಡುಗೆಯ ಆಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಕೆನ್ನೆ ಬಡಿದುಕೊಂಡಳು. “ಅಯ್ ನನ ಶಿವನ! ಒಪ್ಪತ್ತ ಹಿಡದಾಳ ನೋಡ ಈಕಿ! ನಮ್ಮ ಸೊಸಿ ಹಿಡಿಯೂದಿಲ್ಲ, ಇದು ಹಿಡೀತು!”

ನಾನು ಏನು ಮಾಡಬೇಕಿತ್ತು? ಒಂದು ತುತ್ತು ರೊಟ್ಟಿ ಬಾಯಿಗೆ ಹಾಕಿಕೊಂಡು ತೋರಿಸಬೇಕಿತ್ತು. ಅಷ್ಟೇ. ಆಯಿ ಕೆನ್ನೆ ಬಡಿದುಕೊಂಡರೂ ಮರುಗಳಿಗೆಯಲ್ಲಿ ಅದನ್ನೇ ಹೇಳಿದಳು. “ಒಂದ ತುತ್ತ ನೀ ತಿಂದ ತೋರ್ಸಬೇ, ತಿಂತಾಳ. ದೇವರೇನ ಗಂಟ ಹಾಕ್ಕೊಂಡ ಕುಂತಿಲ್ಲ.” ನಾನು ಒಪ್ಪಲಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಮುರಿಯದ್ದನ್ನು ಮುರಿಯುವುದೇ? ಜೊತೆಗೆ, ಖರೆ ಹೇಳಬೇಕೆಂದರೆ, ಅವಳು ನನ್ನನ್ನು ನೋಡಿ ಉಪವಾಸ ಮಾಡುತ್ತಿದ್ದಾಳೆಂದು ನನಗೆ ಹೆಮ್ಮೆಯಾಗಿತ್ತು. ಅವಳ ಹಣೆಗೂ ವಿಭೂತಿ ಹಚ್ಚಿದೆ. ಸಂಜೆ ಗುಡಿಗೆ ಕರೆದುಕೊಂಡು ಹೋದೆ. ಓಣಿಯ ಹೆಂಗಸರು ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಕಟ್ಟಿ ಹಾಕಿದ ಗುರುತಿದ್ದ ಅದೇ ಕಾಲು.

ಗುಳಿಗೆ? ಬರೇ ಹೊಟ್ಟೆಯಲ್ಲಿ ಬೇಡ ಎಂದು ಡಾಕ್ಟರು ಹೇಳಿದ್ದರಲ್ಲ. ಅದಕ್ಕೆ ಬೆಳಗಿನದನ್ನು ಎತ್ತಿಟ್ಟು, ಸಂಜೆ ಊಟವಾದ ಮೇಲೆ ಎರಡನ್ನೂ ಕೂಡಿ ಕೊಟ್ಟೆ. ವಹಿಯಲ್ಲಿ ಎರಡೂ ಮನೆಗೆ ಗುರುತು ಹಾಕಿದೆ. ಎರಡೂ ಕೊಟ್ಟಿದ್ದೆನಲ್ಲ? ಸುಳ್ಳು ಬರೆಯುತ್ತಿದ್ದೇನೆ ಎಂದು ಒಂದು ಚೂರೂ ಅನ್ನಿಸಲಿಲ್ಲ.

ಎರಡನೆಯ ಸೋಮವಾರ ದೀಪ ಹಚ್ಚುವ ಹೊತ್ತಿಗೆ, ಗುಡಿಗೆ ಹೊರಡಲೆಂದು ಅವಳ ತಲೆ ಬಾಚುತ್ತಿದ್ದೆ. ಕೂದಲು ನನ್ನ ಕೈಯಿಂದ ಎಳೆದ ಹಾಗಾಯಿತು. ಕತ್ತು ಒಂದು ಕಡೆ ಹೊರಳಿ, ಕಣ್ಣು ಮೇಲಕ್ಕೆ ಹೋಗಿ, ಮೈ ಕೊರಡಾಯಿತು. ಆಮೇಲೆ ಅದುರು. ನನಗೆ ಗೊತ್ತಿದ್ದ ಕ್ರಮವನ್ನೆಲ್ಲ ಮಾಡಿದೆ. ಎಡ ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಮಡಿಸಿದ ಸೀರೆ ಇಟ್ಟು, ಕುಪ್ಪಸದ ಗುಂಡಿ ಬಿಚ್ಚಿ, ಗೋಡೆಯ ಗಡಿಯಾರ ನೋಡಿದೆ. ಆಯಿ ಬೀಗದ ಕೈಗೊಂಚಲು ಹಿಡಿದು ಓಡಿ ಬಂದಳು. “ಕಬ್ಬಿಣ ಕೈಯಾಗ ಕೊಡ!” “ಬ್ಯಾಡ ಆಯಿ, ದೂರ ಸರಿ, ಗಾಳಿ ಬರಲಿ.” ಮೂರು ನಿಮಿಷ. ಆಮೇಲೆ ಗೊರಕೆ. ತಾರೀಖು ಹಾಕಿ ಫಿಟ್ಸಿನ ಹಾಳೆಯಲ್ಲಿ ಬರೆದೆ. ವಾರ ಬರೆಯುವ ಮನೆ ಆ ಹಾಳೆಯಲ್ಲಿ ಇರಲಿಲ್ಲ.

ನಾಲ್ಕನೆಯ ಸೋಮವಾರ, ಅದೇ ಹೊತ್ತಿಗೆ, ಹತ್ತು ನಿಮಿಷ. ಹತ್ತು ನಿಮಿಷ ಎಂದರೆ ಎಷ್ಟು ಉದ್ದ ಎಂಬುದು ಗಡಿಯಾರ ನೋಡುತ್ತ ಕುಳಿತವರಿಗೆ ಗೊತ್ತು. ತುಟಿ ನೀಲಿಯಾಗಿತ್ತು. ನಿಂತ ಮೇಲೂ ಅವಳು ಮರುದಿನದ ಮಧ್ಯಾಹ್ನದವರೆಗೆ ನನ್ನನ್ನು ಗುರುತಿಸಲಿಲ್ಲ.

ಆ ಗುರುವಾರ ಜಮಖಂಡಿಗೆ ಒಯ್ದೆ. ಡಾಕ್ಟರು ಫಿಟ್ಸಿನ ಹಾಳೆ ನೋಡಿ ಕನ್ನಡಕ ತೆಗೆದರು.

“ಗುಳಿಗಿ ತಪ್ಪಿಸೀರಿ?”

“ಇಲ್ರೀ ಸಾಹೇಬ್ರ. ಒಂದೂ ತಪ್ಪಿಲ್ಲ.” ವಹಿ ತೆಗೆದು ಮುಂದಿಟ್ಟೆ. ನನ್ನ ವಹಿಯ ಮೇಲೆ ನನಗೆ ಅಷ್ಟು ಗರ್ವ. ಅವರು ಹಾಳೆ ತಿರುವಿದರು. ಎಲ್ಲ ಮನೆಯಲ್ಲೂ ಗುರುತು, ಎಲ್ಲ ಸಾಲಿಗೂ ಸಹಿ.

“ಇಷ್ಟ ಬರೋಬ್ಬರಿ ಕೊಟ್ಟರೂ ಬಂದಾವ ಅಂದ್ರ, ಈ ಡೋಸ್ ಆಕಿಗೆ ಸಾಲಾಂಗಿಲ್ಲ,” ಅಂದರು. ಕೇಸ್‌ಪೇಪರಿನ ಮೇಲೆ ಬರೆದರು. ಎರಡಿದ್ದದ್ದು ನಾಲ್ಕಾಯಿತು. ಬೆಳಿಗ್ಗೆ ಎರಡು, ಸಂಜೆ ಎರಡು. ಅವರ ತಪ್ಪೇನು? ನಾನು ತೋರಿಸಿದ್ದನ್ನು ಅವರು ನಂಬಿದರು.

ಫಿಟ್ಸು ನಿಂತೇ ಹೋಯಿತು. ಶ್ರಾವಣ ಮುಗಿದು ಒಪ್ಪತ್ತೂ ಮುಗಿದಿತ್ತು, ಹೇಗೂ ನಿಲ್ಲುವುದೇ. ಆದರೆ ಗುಳಿಗೆ ನಾಲ್ಕಾದದ್ದಕ್ಕೇ ನಿಂತಿತೆಂದು ಎಲ್ಲರಿಗೂ ಸಮಾಧಾನ. ಮೇಲ್ವಿಚಾರಕಿ, ನಾವು ಅವರನ್ನು ಅಕ್ಕಾರ ಎನ್ನುತ್ತಿದ್ದೆವು, ಸಂಸ್ಥೆಯ ಹಿರಿಯರ ಮುಂದೆ ನನ್ನನ್ನು ಹೊಗಳಿದರು.

ಗಣಪತಿ ಹಬ್ಬದ ಹೊತ್ತಿಗೆ ಅವಳು ಬೆಳಿಗ್ಗೆ ನಾನು ಎಬ್ಬಿಸಿದರೂ ಏಳದಾದಳು. ತೂಕಡಿಕೆ. ಕುಡಿದವರ ಹಾಗೆ ಕಾಲು ಅಗಲಿಸಿ ನಡೆಯುವಳು. ಅಂಗಳ ಸುತ್ತುವಾಗ ಗೋಡೆ ಹಿಡಿಯತೊಡಗಿದಳು. ಎದುರಿಗೆ ಕುಳಿತು ಉಣ್ಣುವಾಗ ನೋಡಿದೆ, ಅವಳ ಕಣ್ಣಿನ ಗುಡ್ಡೆ ನಿಂತಲ್ಲಿ ನಿಲ್ಲದೆ ಮಿಡಿಯುತ್ತಿತ್ತು, ಅತ್ತ ಇತ್ತ, ಅತ್ತ ಇತ್ತ. ತುತ್ತು ಬಾಯಿಯ ಬದಲು ಮೂಗಿಗೆ ಹೋಗುತ್ತಿತ್ತು.

ಅದೇ ವಾರ ಅಡುಗೆಮನೆಯ ಕ್ಯಾಲೆಂಡರಿನ ಹಾಳೆ ಹರಿಯಲು ಹೋದೆ. ಆಯಿ ಯಾವ ದಿನ ಯಾರಿಗೆ ಅಡುಗೆ ಬೇಡ ಎಂಬುದಕ್ಕೆ ಪೆನ್ಸಿಲ್ಲಿನಿಂದ ಸುತ್ತು ಹಾಕಿಡುತ್ತಿದ್ದಳು. ಹಿಂದಿನ ತಿಂಗಳ ಹಾಳೆಯಲ್ಲಿ ನನ್ನ ಸೋಮವಾರಗಳಿಗೆ ಸುತ್ತು ಇತ್ತು. ಅವುಗಳಲ್ಲಿ ಎರಡು ತಾರೀಖು ನನಗೆ ಬಾಯಿಪಾಠ ಇದ್ದವು. ಫಿಟ್ಸಿನ ಹಾಳೆಯಲ್ಲಿ ನಾನೇ ಬರೆದವು.

ಫಿಟ್ಸಿನ ಹಾಳೆ ತಂದು ಕ್ಯಾಲೆಂಡರಿನ ಪಕ್ಕ ಹಿಡಿದು ನೋಡಿದೆ. ರವಿವಾರ ಸಂಜೆಯಿಂದ ಸೋಮವಾರ ಸಂಜೆಯವರೆಗೆ ಹೊಟ್ಟೆಯಲ್ಲಿ ಅನ್ನವಿಲ್ಲ, ಗುಳಿಗೆಯಿಲ್ಲ. ಆ ಹೊತ್ತು ತುಂಬುವಾಗಲೇ ಎರಡು ಸಲವೂ ಬಂದದ್ದು. ಡೋಸ್ ಸಾಲದೆ ಅಲ್ಲ, ನಾನು ಕೊಡದೆ.

ಅಕ್ಕಾರ ಹತ್ತಿರ ಹೋಗಿ ಕ್ಯಾಲೆಂಡರು ವಹಿ ಎರಡನ್ನೂ ಇಟ್ಟು ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು.

“ಈಗ ಫಿಟ್ಸ ನಿಂತಾವ ಇಲ್ಲೋ?”

“ನಿಂತಾವರಿ. ಆದ್ರ ಆಕಿ ನಡಿಯೂದ ನೋಡ್ರಿ...”

“ಹೊಸಾ ಡೋಸು, ಹೊಂದಿಕೋತದ. ಮುಂದಿನ ತಿಂಗಳ ತಪಾಸಣಿಯವರು ಬರತಾರ. ವಹಿ ಮ್ಯಾಲ ಮುಂಜಾನಿ ಕೊಟ್ಟೇನಿ ಅಂತ ನಿನ್ನ ಸಹಿ ಐತಿ, ಕೆಳಗ ನನ್ನ ಸಹಿ ಐತಿ. ಒಂದ ಸಾಲು ಸುಳ್ಳ ಅಂದ್ರ ಎಂಟೂ ಸಾಲು ಸುಳ್ಳ ಅಂತಾರ. ಎಲ್ಲಾರೂ ಬೀದಿಗೆ ಬೀಳತಾರ. ಸುಮ್ನಿರು. ತಪಾಸಣಿ ಮುಗೀಲಿ, ಆಮ್ಯಾಲ ನಾನಽ ಡಾಕ್ಟರಿಗೆ ಹೇಳತೇನಿ.”

ಸುಮ್ಮನಿದ್ದೆ. ಅವರ ಮಾತಿಗೆ ಅಲ್ಲ, ನನ್ನ ಮರ್ಯಾದೆಗೆ. ಒಪ್ಪತ್ತು ಹಿಡಿಸಿದವಳು ಎಂದು ಓಣಿಯೇ ಕೈ ಮುಗಿದಿತ್ತು, ಈಗ ಅದೇ ಬಾಯಿ ಏನು ಅಂದೀತು? ದಿನಾ ಎರಡು ಹೊತ್ತು ಎರಡೆರಡು ಗುಳಿಗೆ ನಾನೇ ಕೊಟ್ಟೆ. ಊಟದ ನಂತರ. ಗುರುತು ಹಾಕಿ, ಸಹಿ ಮಾಡಿ. ಹೊಂದಿಕೊಳ್ಳುತ್ತಾಳೆ, ನಾಳೆ ಹೊಂದಿಕೊಳ್ಳುತ್ತಾಳೆ. ಹೀಗೆ ಇಪ್ಪತ್ತಾರು ದಿನ. ನನ್ನ ಜೀವನದಲ್ಲಿ ನಾನು ಕಣ್ಣು ತೆರೆದುಕೊಂಡು ಮಾಡಿದ ಪಾಪ ಅದೊಂದೇ, ಉಳಿದದ್ದೆಲ್ಲ ತಿಳಿಯದೆ ಮಾಡಿದ್ದು.

ಇಪ್ಪತ್ತಾರನೆಯ ದಿನ ಬೆಳಿಗ್ಗೆ ಅವಳು ಪಾಯಖಾನೆಗೆ ಹೊರಟವಳು ಅಂಗಳದ ಮೆಟ್ಟಿಲಲ್ಲಿ ಬಿದ್ದಳು. ನಾನು ಹುನ್ನೂರಾಕಿಯ ಮೈ ತೊಳೆಯುತ್ತಿದ್ದೆ. ಓಡಿ ಬರುವಷ್ಟರಲ್ಲಿ ಬಾಯಿ ತುಂಬ ರಕ್ತ. ಮುಂದಿನ ಎರಡು ಹಲ್ಲು ಕಲ್ಲಿನ ಮೇಲಿದ್ದವು. ಏಳಲು ನೋಡಿದಳು, ಆಗಲಿಲ್ಲ. ಮತ್ತೆ ನೋಡಿದಳು. ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ನನ್ನನ್ನು ನೋಡಿ ಅಳಲಿಲ್ಲ, “ಅಕ್ಕ” ಅನ್ನಲು ಹೋದಳು, ಅದೂ ತೊದಲಿ ಬೇರೇನೋ ಆಗಿ ಬಂತು.

ಬಾಯಿ ತೊಳೆದು, ಹತ್ತಿ ಇಟ್ಟು, ಆಯಿಯನ್ನು ಅವಳ ಹತ್ತಿರ ಕೂಡಿಸಿ, ವಹಿಯನ್ನು ಚೀಲಕ್ಕೆ ಹಾಕಿಕೊಂಡೆ. ಅಕ್ಕಾರ ಬಾಗಿಲಲ್ಲಿ ಅಡ್ಡ ನಿಂತರು.

“ಎಲ್ಲಿಗೆ?”

“ಜಮಖಂಡಿಗೆ.”

“ನಾಕ ದಿನಾ ತಡಿ ಅಂತೇನಲ್ಲ! ತಪಾಸಣಿ...”

“ನೌಕರಿ ಬಿಡಸ್ರಿ ಅಕ್ಕಾರ. ನಾ ಹೊಂಟೆ.”

ಬಸ್ಸಿನಲ್ಲಿ ಕುಳಿತಾಗ ಧೈರ್ಯ ಬಂದಿದೆ ಎಂದುಕೊಂಡೆ. ಧೈರ್ಯವಲ್ಲ ಅದು. ಎರಡು ಹಲ್ಲು ಕಂಡ ಮೇಲೆ ಬಂದದ್ದಕ್ಕೆ ಧೈರ್ಯ ಎನ್ನುತ್ತಾರೆಯೇ?

ಡಾಕ್ಟರು ಎಲ್ಲ ಕೇಳಿಸಿಕೊಂಡರು. ನಾನು ಸೋಮವಾರದ ಮನೆಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ತೋರಿಸಿದೆ. ಅವರು ಬೈಯಲಿಲ್ಲ. ತಮ್ಮ ಸ್ಕೂಟರ್ ತೆಗೆದು ಸೀದಾ ಬನಹಟ್ಟಿಗೆ ಬಂದರು, ಹಿಂದೆ ನನ್ನನ್ನು ಕೂಡಿಸಿಕೊಂಡು. ಅವಳ ಕಣ್ಣ ಮುಂದೆ ಬೆರಳು ಆಡಿಸಿ ನೋಡಿದರು, ಹಿಡಿದು ನಿಲ್ಲಿಸಿ ನೋಡಿದರು. ಬಿಟ್ಟ ಕೂಡಲೇ ಅವಳು ಅವರ ಎದೆಯ ಮೇಲೆ ವಾಲಿದಳು.

“ಇದು ಔಷಧದ ವಿಷ ಏರಿದ್ದು,” ಅಂದರು. “ಮೊದಲಿನ ಡೋಸ್ ಆಕಿಗೆ ಬೇಕಾದಷ್ಟಿತ್ತು. ಸೋಮವಾರದ ಮಾತು ಅವತ್ತಽ ಹೇಳಿದ್ದರ ನಾ ಒಂದ ಗುಳಿಗೀನೂ ಏರಸ್ತಿರಲಿಲ್ಲ. ಬರೇ ಹೊಟ್ಟೀಲೆ ಕೊಟ್ಟಿದ್ದರ ಏನ ಆಗತಿತ್ತು? ಒಂದ ಸಲ ಹೊಟ್ಟಿ ತೊಳಸತಿತ್ತು. ಚಹಾದ ಜೋಡಿ ಕೊಟ್ಟಿದ್ದರೂ ನಡೀತಿತ್ತು.”

ಚಹಾ. ಆ ಸೋಮವಾರಗಳಲ್ಲಿ ನಾನು ಮೂರು ಸಲ ಚಹಾ ಕುಡಿದಿದ್ದೆ. ನಾನು ಕುಡಿದದ್ದನ್ನು ನೋಡಿ ಅವಳೂ ಕುಡಿದಿದ್ದಳು.

“ನಡೀತಾಳಲ್ರೀ ಸಾಹೇಬ್ರ? ಗುಳಿಗಿ ಇಳಿಸಿದ್ರ ಮೊದಲಿನಂಗ ನಡೀತಾಳಲ್ಲ?”

“ಕೆಲವರಿಗೆ ಪೂರಾ ಬರತೈತಿ. ಕೆಲವರಿಗೆ ಬರೂದಿಲ್ಲ. ಎಷ್ಟ ದಿನಾ ಇತ್ತು ಅನ್ನೂದರ ಮ್ಯಾಲ ಐತಿ.”

ಎಷ್ಟು ದಿನ ಎಂದು ನನಗೆ ಬಿಟ್ಟು ಯಾರಿಗೆ ಗೊತ್ತಿತ್ತು!

ಗುಳಿಗೆ ಇಳಿಯಿತು. ಹತ್ತು ದಿನದಲ್ಲಿ ಕಣ್ಣಿನ ಮಿಡಿತ ಕಡಿಮೆಯಾಯಿತು, ತೂಕಡಿಕೆ ಹೋಯಿತು. ಕಾಲು ಬರಲಿಲ್ಲ. ಎರಡು ಬಿದಿರು ಕಟ್ಟಿಸಿ, ನಡುವೆ ನಿಲ್ಲಿಸಿ, ಅವಳ ಹಿಂದೆ ನಿಂತು ಸೊಂಟ ಹಿಡಿದು ದಿನಾ ಬೆಳಿಗ್ಗೆ ನಡೆಸಿದೆ. ಹಿಮ್ಮಡಿ ಊರಿಸಿ, ಬೆರಳು ಊರಿಸಿ, ಎಣಿಸುತ್ತ. ಮೂರು ಹೆಜ್ಜೆಗೆ ಕುಸಿಯುವಳು. ಕೈ ಎತ್ತಿದರೆ ಗುರಿ ಮುಟ್ಟುವ ಮೊದಲು ನಡುಗುವುದು. ಎರಡು ಬೆರಳಿನ ದೂರದಿಂದ ಮತ್ತೆ ಶುರು ಮಾಡಿದೆ. ಹಿಂದಿನ ಸಲ ಕೈಗೆ ಗೊತ್ತಿರಲಿಲ್ಲ, ಕಲಿಸಿದೆ. ಈ ಸಲ ಕೈಗೆ ಗೊತ್ತಿತ್ತು, ಆದರೂ ಆಗುತ್ತಿರಲಿಲ್ಲ. ಗೊತ್ತಿರುವ ಕೈ ದಾರಿ ತಪ್ಪುವುದನ್ನು ನೋಡುವುದು ನನ್ನಿಂದ ಸಾಧ್ಯವಾಗದೆ ಎಷ್ಟೋ ದಿನ ಎದ್ದು ಹಿತ್ತಲಿಗೆ ಹೋಗಿ ಅತ್ತು ಬಂದೆ.

ತಪಾಸಣೆಯವರು ಬಂದು ಹೋದರು. ಸೋಮವಾರದ ಮನೆಗಳ ಪಕ್ಕ ನಾನು ಕೆಂಪು ಶಾಯಿಯಲ್ಲಿ ‘ಸಂಜೆ ಕೊಟ್ಟದ್ದು’ ಎಂದು ಬರೆದಿಟ್ಟಿದ್ದೆ. ಅವರು ಆ ಹಾಳೆ ತಿರುವಲೇ ಇಲ್ಲ. ಅಂಗಳ ಸ್ವಚ್ಛ ಇದೆ ಎಂದು ಹೇಳಿ ಚಹಾ ಕುಡಿದು ಹೋದರು. ಇದಕ್ಕೇ ಹೆದರಿ ಕುಳಿತದ್ದೇ ನಾವು! ಅಕ್ಕಾರ ಅವತ್ತಿನಿಂದ ನನ್ನ ಮುಖ ನೋಡಿ ಮಾತಾಡಲಿಲ್ಲ. ನೌಕರಿಯಿಂದಲೂ ಬಿಡಿಸಲಿಲ್ಲ. ಬಿಡಿಸಿದ್ದರೆ ಛಲೋ ಇತ್ತು.

ಅವಳು ಬಿದ್ದು ಆರು ತಿಂಗಳು ತುಂಬಿದ ಮೇಲೆ ಅವಳ ಅಣ್ಣನಿಗೆ ಕಾಗದ ಹೋಯಿತು. ಕಟ್ಟಳೆ ಎರಡು, ಎರಡೂ ಹೋಗಿದ್ದವು. ನಾನು ಹಿರಿಯರ ಮುಂದೆ ನಿಂತು, ಅವಳನ್ನು ನಾನೊಬ್ಬಳೇ ಎತ್ತಿ ಒಯ್ಯುತ್ತೇನೆ, ಉಳಿದವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುತ್ತೇನೆ ಎಂದು ಬೇಡಿಕೊಂಡೆ. “ನಿಮ್ಮನ್ನ ನಂಬಿ ಒಮ್ಮೆ ನೋಡೀವಲ್ಲವಾ,” ಅಂದರು ಒಬ್ಬರು. ನಾನು ಹೊರಗೆ ಬಂದು ಅವಳ ಸೀರೆಗಳನ್ನು ಮಡಿಸತೊಡಗಿದೆ.

ಅಣ್ಣ ಬಂದ. ಟೆಂಪೊದ ಹಿಂದೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿಕೊಂಡು ಬಂದಿದ್ದ. ನಡೆದದ್ದನ್ನೆಲ್ಲ ನಾನೇ ಅವನಿಗೆ ಹೇಳಿದೆ. ಬೈಯಲಿ, ಹೊಡೆಯಲಿ ಎಂದೇ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿ, ತಂಗಿಯನ್ನು ಮಗುವಿನ ಹಾಗೆ ಎತ್ತಿಕೊಂಡ.

“ಹೋಗ್ಲಿ ಬಿಡ್ರಿ. ಇನ್ನ ಕಟ್ಟೂದಾದ್ರೂ ತಪ್ಪಿತು,” ಅಂದ. “ಎಲ್ಲೀ ಹೊಳಿಗೆ ಹೋದಾಳು ಇನ್ನ?”

ಅವನು ಚುಚ್ಚಲೆಂದು ಅಂದದ್ದಲ್ಲ, ಸಮಾಧಾನಕ್ಕೆ ಅಂದದ್ದು. ನಾನು ಅವನ ಕೈಗೆ ಗುಳಿಗೆ ಚೀಟಿ ಕೊಟ್ಟೆ. ಬೆಳಿಗ್ಗೆ ಒಂದು, ಸಂಜೆ ಒಂದು. ಕೆಳಗೆ ದಪ್ಪಗೆ ಬರೆದಿದ್ದೆ: ಉಂಡರೂ ಕೊಡಬೇಕು, ಉಣ್ಣದಿದ್ದರೂ ಕೊಡಬೇಕು.

ಮುಂದಿನ ಶ್ರಾವಣದಲ್ಲಿ ರಜೆ ಹಾಕಿ ಗಲಗಲಿಗೆ ಹೋದೆ. ಸೋಮವಾರವೇ ಹೋದೆ. ತಲೆ ಮೇಲೆ ನೀರು ಹಾಕಿಕೊಂಡಿರಲಿಲ್ಲ, ವಿಭೂತಿ ಹಚ್ಚಿರಲಿಲ್ಲ. ಅವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಸ್ವಚ್ಛ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಈ ಮನೆಯವರ ಮೇಲೆ ನಾನು ಎಂದೋ ಅಡುಗೆಮನೆಯಲ್ಲಿ ಕೂಗಾಡಿದ್ದು ನೆನಪಾಗಿ ಮುಖ ಎತ್ತಲಾಗಲಿಲ್ಲ. ಅವಳ ವೈನಿ, ಅಣ್ಣನ ಹೆಂಡತಿ, ನನಗಿಂತ ಛಲೋ ನೋಡಿಕೊಂಡಿದ್ದಳು.

“ಗುಳಿಗಿ ತಪ್ಪಿಲ್ರಿ ಅಕ್ಕಾ,” ಅಂದಳು ವೈನಿ. “ಉಣ್ಣೂದಷ್ಟ ನಾನಽ ತಿನಸ್ತೇನಿ. ತಾ ಆಗಿ ಕೈ ಎತ್ತೂದಿಲ್ಲ.”

“ಎರಡ ತಾಟ ಕೊಡವಾ,” ಅಂದೆ.

“ಇವತ್ತ ಸೋಮಾರರೀ. ನಿಮ್ಮದು ಒಪ್ಪತ್ತು...”

“ಇಲ್ಲ. ಬಿಟ್ಟೇನಿ.”

ಅವಳ ಎದುರಿಗೆ ಕುಳಿತೆ. ನನ್ನದೊಂದು ತಾಟು, ಅವಳದೊಂದು ತಾಟು. ರೊಟ್ಟಿ ಮುರಿದೆ, ಬೇಳೆಯಲ್ಲಿ ಅದ್ದಿದೆ, ಎತ್ತಿದೆ, ಬಾಯಿಗೆ ಹಾಕಿಕೊಂಡೆ. ಇಪ್ಪತ್ತು ವರ್ಷದಲ್ಲಿ ಶ್ರಾವಣ ಸೋಮವಾರ ಹಗಲು ನಾನು ತಿಂದ ಮೊದಲ ತುತ್ತು. ಅವಳು ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ತಾಟಿನ ಕಡೆ ನೋಡಿದಳು. ಕೈ ಹೊರಟಿತು! ವೈನಿ ಒಳಗಿನಿಂದ ಬಂದು ನಿಂತೇಬಿಟ್ಟಳು. ರೊಟ್ಟಿಯ ಚೂರು ಸಿಕ್ಕಿತು, ಬೇಳೆಯಲ್ಲಿ ಅದ್ದಿತು, ಎದ್ದಿತು. ಬಾಯಿಗೆ ಎರಡು ಬೆರಳು ದೂರ ಬಂದು ನಡುಗಿ, ಗದ್ದಕ್ಕೆ ಬಡಿದು, ಮಡಿಲಿಗೆ ಬಿತ್ತು.

ಅವಳು ಮತ್ತೆ ನನ್ನ ಬಾಯಿ ನೋಡಿದಳು. ನಾನು ಮತ್ತೊಂದು ತುತ್ತು ತಿಂದೆ. ಅವಳ ಕೈ ಮತ್ತೆ ಹೊರಟಿತು, ಮತ್ತೆ ಬಿತ್ತು. ನಾನು ತಿನ್ನುತ್ತ ಹೋದೆ, ಅವಳು ಬೀಳಿಸುತ್ತ ಹೋದಳು. ನನ್ನ ತಾಟು ಖಾಲಿಯಾಯಿತು, ಅವಳ ಮಡಿಲು ತುಂಬಿತು. ಆಮೇಲೆ ಅವಳು ತನ್ನ ತಾಟನ್ನು ಎರಡೂ ಕೈಯಿಂದ, ನಡುಗುತ್ತ, ಮೆಲ್ಲಗೆ ಆಚೆ ಸರಿಸಿದಳು.

“ನಾ ತಿನಸ್ತೇನಿ ಬಿಡ್ರಿ ಅಕ್ಕಾ,” ಅಂದಳು ವೈನಿ, ಪಕ್ಕದಲ್ಲಿ ಕುಳಿತು ಅವಳ ಮಡಿಲು ಝಾಡಿಸುತ್ತ. “ನಿಮಗ ಬಸ್ಸಿನ ಹೊತ್ತಾತು.”